ಇಂಪೆಲ್ಲರ್ ತಿಂದ ಮರಳು

ಹೋದ ವರ್ಷ ಏಪ್ರಿಲಿನಲ್ಲಿ, ಸ್ಪ್ರಿಂಕ್ಲರ್ ಕೆಲಸ ಮುಗಿದ ಮೇಲೆ, ಪಂಪಿನ ಇಂಪೆಲ್ಲರ್ (ಒಳಗೆ ತಿರುಗಿ ನೀರು ತಳ್ಳುವ ರೆಕ್ಕೆಗಳ ಚಕ್ರ) ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿಕೊಂಡು ಕುಶಾಲನಗರದ ಲೇತಿಗೆ ಹೋಗಿದ್ದೆ. ಮೇಸ್ತ್ರಿ ಅದನ್ನು ಬೆಂಚಿನ ಮೇಲಿಟ್ಟು ಹೊರ ಅಂಚಿನ ಮೇಲೆ ಬೆರಳಾಡಿಸಿದರು. ತಕ್ಷಣ ಕೈ ಹಿಂದೆ ತೆಗೆದರು. ಬೆರಳ ತುದಿಯಲ್ಲಿ ರಕ್ತ. ಹೊಸದಾಗಿದ್ದಾಗ ಆರು ಮಿಮೀ ದಪ್ಪ ಇದ್ದ ರೆಕ್ಕೆ ಅಷ್ಟು ತೆಳ್ಳಗಾಗಿತ್ತು.

'ಗನ್‌ಮೆಟಲ್ ಮೆತ್ತಗಾಯ್ತು ಅಕ್ಕಾ. ಈ ಸಲ ಇನ್ನೂ ಗಟ್ಟಿ ಮಾಲು ಹಾಕಿಸಿ, ಸರಿ ಹೋಗುತ್ತೆ' ಅಂದರು. ಗನ್‌ಮೆಟಲ್ ಅಂದರೆ ತಾಮ್ರಕ್ಕೆ ತವರ ಬೆರೆಸಿದ ಮಿಶ್ರಲೋಹ.

ಅವರದ್ದು ಮೂವತ್ತು ವರ್ಷದ ಕೈ. ಅವರ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಆದರೆ ಆ ದಿನ ಇಂಪೆಲ್ಲರನ್ನು ಬೆಳಕಿಗೆ ಹಿಡಿದು ಇಬ್ಬರೂ ತುಂಬಾ ಹೊತ್ತು ನೋಡಿದೆವು. ಯಾಕೆಂದರೆ ಒಂದೇ ಇಂಪೆಲ್ಲರಿನ ಮೇಲೆ ಎರಡು ಬೇರೆ ಬೇರೆ ಥರದ ಗುರುತು ಇತ್ತು. ನಡುವೆ, ನೀರು ಒಳಗೆ ಬರುವ ಕಣ್ಣಿನ ಹತ್ತಿರ, ರೆಕ್ಕೆಯ ಮೂತಿ ಮೊಂಡಾಗಿತ್ತು. ಅಲ್ಲಿ ಸಣ್ಣ ಸಣ್ಣ ಗುಳಿಗಳು, ಬಣ್ಣ ಮಂಕು. ಹೊರಗೆ, ನೀರು ಚಿಮ್ಮಿ ಹೋಗುವ ಕಡೆ, ಮೈಯೆಲ್ಲ ನುಣುಪು. ಆ ನುಣುಪಿನ ಮೇಲೆ ಹೊಳೆದಂಡೆಯ ಮರಳಿನಲ್ಲಿ ಮೂಡುವಂಥ ಅಲೆ ಅಲೆ ಗೆರೆಗಳು. ಮರಳು ಒಂದೇ, ನೀರು ಒಂದೇ, ಲೋಹ ಒಂದೇ. ಆದರೂ ತಿಂದ ಬಗೆ ಎರಡು.

ನನಗೆ ಇದರ ಬಗ್ಗೆ ಬರೆಯಬೇಕು ಅಂತ ಆಗಿನಿಂದ ಇತ್ತು. ಈ ಸಲದ ಸೀಸನ್ನೂ ಮುಗಿದಿದೆ, ಲೆಕ್ಕವೂ ಕೈಯಲ್ಲಿದೆ. ನಮ್ಮ ಕಡೆ ಪ್ರತಿ ತೋಟದವರೂ ಪಂಪಿಗೆ ದುಡ್ಡು ಸುರಿಯುತ್ತಿದ್ದಾರೆ. ಅದರಲ್ಲಿ ಸ್ವಲ್ಪವಾದರೂ ಉಳಿಯಲಿ ಅನ್ನುವುದು ನನ್ನ ಆಸೆ.

ನಮ್ಮ ಕಾಫಿ ತೋಟ ಕೊಡಗಿನ ಮಾದಾಪುರದ ಮೇಲೆ, ಹಟ್ಟಿಹೊಳೆಗೆ ಸೇರುವ ಒಂದು ತೋಡಿನ ಪಕ್ಕ ಇದೆ. ಅಪ್ಪನ ಕಾಲದಲ್ಲಿ ಬೀಡಿನ (ಎರಕದ ಕಬ್ಬಿಣದ) ಇಂಪೆಲ್ಲರ್ ಆರೇಳು ವರ್ಷ ಬರುತ್ತಿತ್ತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ ಸುತ್ತ ಗುಡ್ಡಗಳು ಜರಿದವು. ಆ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಮನೆ ಮಠ ಮತ್ತು ತಮ್ಮವರನ್ನು ಕಳೆದುಕೊಂಡವರು ನಮ್ಮ ಅಕ್ಕಪಕ್ಕದಲ್ಲೇ ಇದ್ದಾರೆ. ಜರಿದ ಮಣ್ಣು ತೋಡಿಗೆ ಇಳಿಯಿತು, ತೋಡಿನಿಂದ ಹೊಳೆಗೆ, ಹೊಳೆಯಿಂದ ಹಾರಂಗಿ ಜಲಾಶಯಕ್ಕೆ. ನಮ್ಮ ತೋಡಿನ ತಳ ಮೇಲೆ ಬಂತು. ಮೊದಲು ಸೊಂಟದ ಮಟ್ಟ ನೀರಿರುತ್ತಿದ್ದ ಗುಂಡಿಯಲ್ಲಿ ಈಗ ಮೊಣಕಾಲಿನಷ್ಟು ನೀರು, ಉಳಿದದ್ದು ಮರಳು. ಫೆಬ್ರವರಿಯಲ್ಲಿ ರೊಬಸ್ಟಾ ಕಾಫಿಗೆ ಹೂ ಅರಳಿಸುವ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಆಗಲೇ ತೋಡಿನಲ್ಲಿ ನೀರು ಕಮ್ಮಿ. ನೀರು ಹೀರುವ ಪೈಪಿನ ತುದಿಯ ಫುಟ್‌ವಾಲ್ವ್ ಮರಳಿನ ಹತ್ತಿರವೇ ಕೂರುತ್ತದೆ. ಅದಾದ ಮೇಲೆ ಬೀಡಿನ ಇಂಪೆಲ್ಲರ್ ಎರಡು ಸೀಸನ್ ದಾಟಲಿಲ್ಲ.

ಮರಳನ್ನು ಒಮ್ಮೆ ಹತ್ತಿರದಿಂದ ನೋಡಿ. ನಾನು ತೋಡಿನ ಮರಳು ಒಂದು ಚಿಟಿಕೆ ಒಣಗಿಸಿ, ಕಪ್ಪು ಕಾಗದದ ಮೇಲೆ ಹರಡಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸಿನಲ್ಲಿ ನೋಡಿದೆ. ಪಕ್ಕದಲ್ಲೇ ಕಾವೇರಿ ದಡದಿಂದ ತಂದ ಹಳೆಯ ಮರಳು. ಕಾವೇರಿ ಮರಳಿನ ಕಾಳುಗಳು ದುಂಡಗೆ, ಅಂಚು ಸವೆದು ಮೊಂಡಾಗಿವೆ. ನಮ್ಮ ತೋಡಿನ ಕಾಳುಗಳು ಒಡೆದ ಗಾಜಿನ ಚೂರಿನ ಥರ. ಗುಡ್ಡ ಕುಸಿದು ಬಂದ ಮರಳು ಇನ್ನೂ ಹೆಚ್ಚು ದೂರ ಉರುಳಿಲ್ಲ, ಅದರ ಮೂಲೆಗಳು ಹಾಗೇ ಇವೆ. ಅರೆಪಾರದರ್ಶಕವಾಗಿ ಹೊಳೆಯುವ ಆ ಕಾಳುಗಳೆಲ್ಲ ಬೆಣಚು ಕಲ್ಲು. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚು 7, ಸಾಮಾನ್ಯ ಗಾಜು ಸುಮಾರು 5.5. ಗಡಸುತನದ್ದೇ ಇನ್ನೊಂದು ಅಳತೆಯಾದ ವಿಕರ್ಸ್‌ನಲ್ಲಿ ಹೇಳಿದರೆ ಬೆಣಚು ಸುಮಾರು 1,100, ಬೀಡು 200ರ ಆಸುಪಾಸು, ಗನ್‌ಮೆಟಲ್ ನೂರರ ಒಳಗೆ. ಕಾಯಿಸಿ ಅದ್ದಿ ಗಟ್ಟಿ ಮಾಡಿದ ಸ್ಟೀಲೂ 700-800 ದಾಟುವುದು ಕಷ್ಟ. ಅಂದರೆ ಮೇಸ್ತ್ರಿ ಹೇಳುವ 'ಗಟ್ಟಿ ಮಾಲು' ಯಾವುದೇ ಇರಲಿ, ಹೆಚ್ಚಿನದೆಲ್ಲ ಬೆಣಚಿನ ಮುಂದೆ ಮೆತ್ತಗೇ. ಜೊತೆಗೆ ಚೂಪು ಮೂಲೆಯ ಕಾಳು ದುಂಡು ಕಾಳಿಗಿಂತ ಹಲವು ಪಟ್ಟು ಜಾಸ್ತಿ ತಿನ್ನುತ್ತದೆ.

ಎಂ.ಟೆಕ್ ಓದುವಾಗ ನನ್ನ ಪ್ರಾಜೆಕ್ಟ್ ಇದೇ ಆಗಿತ್ತು. ಲೋಹದ ಚಿಕ್ಕ ಬಿಲ್ಲೆಯ ಮೇಲೆ ಗಾಳಿಯ ಜೊತೆ ಗಟ್ಟಿ ಪುಡಿಯನ್ನು ಊದುವುದು, ಎಷ್ಟು ತೂಕ ಹೋಯಿತು ಅಂತ ನೋಡುವುದು. ಇದಕ್ಕೆ ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಜಿ76 ಅಂತ ಒಂದು ಮಾನಕ ಪರೀಕ್ಷೆ ಇದೆ. ಒಂದೂವರೆ ಮಿಮೀ ತೂತಿನ ನಳಿಗೆ, ಬಿಲ್ಲೆಯಿಂದ 10 ಮಿಮೀ ದೂರ, 50 ಮೈಕ್ರಾನಿನ ಚೂಪು ಅಲ್ಯೂಮಿನಾ ಪುಡಿ, ನಿಮಿಷಕ್ಕೆ 2 ಗ್ರಾಂ, ಸೆಕೆಂಡಿಗೆ 30 ಮೀಟರ್ ವೇಗ. ಹತ್ತು ನಿಮಿಷ ಊದಿದ ಮೇಲೆ ಬಿಲ್ಲೆ ತೆಗೆದು ಒರೆಸಿ ತೂಗಿದರೆ ಹೋಗಿರುವುದು ಮಿಲಿಗ್ರಾಮಿನ ಲೆಕ್ಕ. ಬಿಲ್ಲೆಯ ನಡುವೆ ಕಡಲೆಕಾಳಿನಷ್ಟು ಅಗಲದ ಒಂದು ಮಂಕು ಗುರುತು. ಎಷ್ಟು ಕೆಜಿ ಪುಡಿ ಬಡಿಯಿತು, ಎಷ್ಟು ಗ್ರಾಂ ಲೋಹ ಹೋಯಿತು, ಇವೆರಡರ ಭಾಗಾಕಾರವೇ ಸವೆತದ ಅಳತೆ.

ಮನೆಗೆ ಬಂದು ತೋಟ ನೋಡಿಕೊಳ್ಳಲು ಶುರು ಮಾಡಿದ ಮೇಲೆ ನಮ್ಮ ಪಂಪಿನ ಲೆಕ್ಕ ಹಾಕಿದೆ. 300 ಮಿಮೀ ಇಂಪೆಲ್ಲರ್, ಹಳೆ ಲಾರಿ ಎಂಜಿನ್ನಿಗೆ ಕೂಡಿಸಿದ್ದು, ನಿಮಿಷಕ್ಕೆ 2,000 ಸುತ್ತು. ಹೊರ ಅಂಚಿನ ವೇಗ ಸೆಕೆಂಡಿಗೆ 31 ಮೀಟರ್. ಗಂಟೆಗೆ 110 ಕಿಲೋಮೀಟರಿಗೂ ಜಾಸ್ತಿ. ಲ್ಯಾಬಿನಲ್ಲಿ ನಾನು ಬಿಲ್ಲೆಗೆ ಕೊಡುತ್ತಿದ್ದ ವೇಗಕ್ಕೆ ಇದು ಎಷ್ಟು ಹತ್ತಿರ ನೋಡಿ. ನೀರಿನೊಳಗೆ ಕಾಳು ಅಷ್ಟು ವೇಗದಲ್ಲಿ ಬಡಿಯುವುದಿಲ್ಲ, ನಿಜ. ನೀರು ಅದನ್ನು ಹಿಡಿದುಕೊಂಡೇ ಹೋಗುತ್ತದೆ, ತೀರಾ ಸಣ್ಣ ಕಾಳು ನೀರಿನ ಜೊತೆಗೇ ತಿರುಗಿ ಲೋಹವನ್ನು ಮುಟ್ಟದೆ ದಾಟುವುದೂ ಉಂಟು. ಈ ವಿಷಯ ಮುಂದೆ ಬೇಕಾಗುತ್ತದೆ.

ಈಗ ಆ ಎರಡು ಗುರುತಿನ ವಿಷಯ.

ಬಡಗಿ ಉಳಿ ಹಿಡಿಯುವುದನ್ನು ನೋಡಿದ್ದೀರಲ್ವಾ? ಮರಕ್ಕೆ ನೆಟ್ಟಗೆ ಹೊಡೆದರೆ ಉಳಿ ಕಚ್ಚಿಕೊಳ್ಳುತ್ತದೆ, ಒಂದು ಗಾಯ ಆಗುತ್ತದೆ, ಚಕ್ಕೆ ಏಳುವುದಿಲ್ಲ. ಓರೆಯಾಗಿ ಹಿಡಿದು ತಳ್ಳಿದರೆ ಚಕ್ಕೆ ಸುರುಳಿಯಾಗಿ ಏಳುತ್ತದೆ. ಮರಳು ಕಾಳೂ ಹಾಗೇ. ತಾಮ್ರ, ಅಲ್ಯೂಮಿನಿಯಂ, ಸಾದಾ ಸ್ಟೀಲ್, ಗನ್‌ಮೆಟಲ್ ಇಂಥ ಬಡಿದರೆ ಹರಡುವ ಲೋಹಕ್ಕೆ ಕಾಳು ಓರೆಯಾಗಿ, ಮೈಗೆ 15ರಿಂದ 30 ಡಿಗ್ರಿ ಕೋನದಲ್ಲಿ ಬಡಿದಾಗ ಸವೆತ ಅತಿ ಜಾಸ್ತಿ. ಕಾಳಿನ ಮೂಲೆ ಒಳಗಿಳಿದು, ಲೋಹವನ್ನು ಉತ್ತು ಎಬ್ಬಿಸಿಕೊಂಡು ಹೊರಗೆ ಹೋಗುತ್ತದೆ. ನೆಟ್ಟಗೆ 90 ಡಿಗ್ರಿಯಲ್ಲಿ ಬಡಿದರೆ ಸವೆತ ಅದಕ್ಕಿಂತ ಎಷ್ಟೋ ಕಮ್ಮಿ. 1960ರಲ್ಲಿ ಐಯನ್ ಫಿನ್ನಿ ಎಂಬ ಎಂಜಿನಿಯರ್ ಇದನ್ನು ಲೆಕ್ಕದ ಸಮೇತ ವಿವರಿಸಿದರು. ಅವರು ಹಿಡಿದದ್ದು ಈ ಉಳಿಯ ಕೆಲಸವನ್ನು. ಅವರ ಲೆಕ್ಕದಲ್ಲಿ ನೆಟ್ಟಗಿನ ಏಟಿಗೆ ಸವೆತವೇ ಇಲ್ಲ, ನಿಜದಲ್ಲಿ ಸ್ವಲ್ಪ ಇದೆ. 1963ರಲ್ಲಿ ಬಿಟ್ಟರ್ ಎಂಬುವರು ನೆಟ್ಟಗೆ ಬಡಿದು ಬಡಿದು ಆಗುವ ಹಾನಿಯನ್ನೂ ಲೆಕ್ಕಕ್ಕೆ ಸೇರಿಸಿದರು.

ನೆಟ್ಟಗಿನ ಏಟಿನಲ್ಲಿ ಲೋಹ ಹೋಗುವುದು ಹೇಗೆ ಅನ್ನುವುದು ನನಗೆ ಇವತ್ತಿಗೂ ತುಂಬಾ ಇಷ್ಟದ ವಿಷಯ. ಮೊದಲ ಕಾಳು ಬಡಿದಾಗ ಲೋಹ ಹೋಗುವುದೇ ಇಲ್ಲ. ಒಂದು ಗುಳಿ ಬೀಳುತ್ತದೆ, ಸುತ್ತ ತುಟಿಯಂತೆ ಅಂಚು ಏಳುತ್ತದೆ. ಎರಡನೇ ಕಾಳು ಆ ತುಟಿಯ ಮೇಲೆ ಬಡಿದು ಚಪ್ಪಟೆ ಮಾಡುತ್ತದೆ. ಮೂರು, ನಾಲ್ಕು, ಹತ್ತು ಕಾಳು ಅದೇ ಜಾಗವನ್ನು ಕುಲುಮೆಯಲ್ಲಿ ತಟ್ಟಿದಂತೆ ತಟ್ಟುತ್ತವೆ. ತುಟಿ ತೆಳುವಾದ ಹಾಳೆಯಾಗುತ್ತದೆ, ಹಿಗ್ಗುವ ಶಕ್ತಿ ಮುಗಿಯುತ್ತದೆ, ಆಮೇಲೆ ಒಂದು ಪುಟ್ಟ ಚಕ್ಕೆ ಉದುರುತ್ತದೆ. ಹಾಗಾಗಿ ಹೊಚ್ಚ ಹೊಸ ಬಿಲ್ಲೆ ಶುರುವಿನಲ್ಲಿ ಕಮ್ಮಿ ಸವೆಯುತ್ತದೆ. ಒಮ್ಮೊಮ್ಮೆ ಪುಡಿಯ ಚೂರು ಒಳಗೇ ಕಚ್ಚಿಕೊಂಡು ತೂಕ ಹೆಚ್ಚಾಗಿರುವುದೂ ಉಂಟು. ನನ್ನ ಮೊದಲ ಬಿಲ್ಲೆಯಲ್ಲಿ ಹಾಗೇ ಆಗಿ ನಾನು ತಕ್ಕಡಿ ಕೆಟ್ಟಿದೆ ಅಂತ ಎರಡು ದಿನ ಅದನ್ನೇ ಪರೀಕ್ಷೆ ಮಾಡುತ್ತಾ ಕೂತಿದ್ದೆ.

ಗಾಜು, ಪಿಂಗಾಣಿಯಂಥ ಪೆಡಸು ವಸ್ತುಗಳ ಕತೆ ಪೂರ್ತಿ ಉಲ್ಟಾ. ಓರೆ ಏಟನ್ನು ಅವು ತಡೆದುಕೊಳ್ಳುತ್ತವೆ. ನೆಟ್ಟಗೆ ಬಡಿದರೆ ಒಳಗೆ ಬಿರುಕು ಇಳಿಯುತ್ತದೆ, ಪಕ್ಕದ ಬಿರುಕಿಗೆ ಕೂಡಿಕೊಳ್ಳುತ್ತದೆ, ಚೂರು ಹಾರಿಹೋಗುತ್ತದೆ.

ಮೇಸ್ತ್ರಿಯ ಬೆಂಚಿನ ಮೇಲಿದ್ದ ಗುರುತುಗಳು ಇವೇ. ಕಣ್ಣಿನ ಹತ್ತಿರ ರೆಕ್ಕೆಯ ಮೂತಿಗೆ ಮರಳು ನೆಟ್ಟಗೆ ಬಡಿದಿತ್ತು, ಅದಕ್ಕೇ ಗುಳಿ, ಮಂಕು ಬಣ್ಣ. ಹೊರ ಅಂಚಿನಲ್ಲಿ ಮರಳು ಮೈ ಸವರಿಕೊಂಡು ಹೋಗಿತ್ತು, ಅದಕ್ಕೇ ಅಲೆ ಗೆರೆ. ಆ ಅಲೆ ಕಂಡರೆ ಓರೆ ಏಟು ಅಂತ ಧೈರ್ಯವಾಗಿ ಹೇಳಬಹುದು.

ಇದನ್ನು ಇನ್ನೂ ಚೆನ್ನಾಗಿ ನೋಡಬೇಕಾದರೆ ಹತ್ತಿರದ ರೈಸ್ ಮಿಲ್ಲಿಗೆ ಹೋಗಿ. ಭತ್ತದ ಉಮಿಯನ್ನು ಬ್ಲೋವರ್ ಗಾಳಿಯಲ್ಲಿ ಹೊರಗೆ ತಳ್ಳುವ ತಗಡಿನ ಪೈಪ್ ಇರುತ್ತದಲ್ಲ, ಅದರ ಬೆಂಡ್ ನೋಡಿ. ಹೊರ ಮಗ್ಗುಲಿನಲ್ಲಿ ತೇಪೆ ಮೇಲೆ ತೇಪೆ ಇರುತ್ತದೆ. ಉಮಿ ಕೈಗೆ ಹಗುರ, ಮೆತ್ತಗೆ, ಅದು ಕಬ್ಬಿಣ ತಿನ್ನುತ್ತದೆ ಅಂದರೆ ನಂಬುವುದು ಕಷ್ಟ. ಆದರೆ ಉಮಿಯನ್ನು ಸುಟ್ಟರೆ ತೂಕದ ಸುಮಾರು ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಆ ಬೂದಿಯ ಬಹುಪಾಲು ಸಿಲಿಕಾ. ಬೆಣಚೂ ಸಿಲಿಕಾವೇ. ಭತ್ತದ ಗಿಡ ಅದನ್ನು ನೆಲದಿಂದ ಹೀರಿ ಸಿಪ್ಪೆಯಲ್ಲಿ ತುಂಬಿಕೊಂಡಿರುತ್ತದೆ. ನಮ್ಮ ಪರಿಚಯದ ಮಿಲ್ಲಿನವರು ಬೆಂಡ್ ತೂತಾಗುತ್ತದೆ ಅಂತ ಚಿಕ್ಕ ಬೆಂಡ್ ತೆಗೆದು ಉದ್ದನೆಯ, ನಿಧಾನವಾಗಿ ಬಳುಕುವ ಬೆಂಡ್ ಹಾಕಿಸಿದ್ದರು. ಗಾಳಿ ಆರಾಮಾಗಿ ತಿರುಗಿತು, ಆದರೆ ತೂತು ನಿಲ್ಲಲಿಲ್ಲ. ಪೈಪಿನ ವ್ಯಾಸದ ಮೂರು ಪಟ್ಟು ತ್ರಿಜ್ಯದ ಬೆಂಡಿನಲ್ಲಿ ನಡುವಿನಿಂದ ನೇರ ಹೋಗುವ ಉಮಿ ಹೊರ ಗೋಡೆಗೆ ಬಡಿಯುವುದು ಸುಮಾರು 30 ಡಿಗ್ರಿಯಲ್ಲಿ. ತಗಡಿಗೆ ಅದೇ ಕೆಟ್ಟ ಕೋನ.

ಕೊನೆಗೆ ಅವರು ಬೆಂಡನ್ನೇ ತೆಗೆದು ಟಿ ಆಕಾರದ ಜೋಡಣೆ ಹಾಕಿದರು. ಎದುರಿನ ಬಾಯಿ ಮುಚ್ಚಿದ್ದು. ಆ ಮುಚ್ಚಿದ ಬಾಯಲ್ಲಿ ಉಮಿ ತುಂಬಿಕೊಂಡು ನಿಲ್ಲುತ್ತದೆ, ಆಮೇಲೆ ಬರುವ ಉಮಿ ಉಮಿಗೇ ಬಡಿದು ತಿರುಗುತ್ತದೆ. ಗಾಳಿಯ ಒತ್ತಡ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಬ್ಲೋವರ್ ಸ್ವಲ್ಪ ಜಾಸ್ತಿ ಕೆಲಸ ಮಾಡಬೇಕು. ಆದರೆ ತೇಪೆ ಹಾಕುವ ಕೆಲಸ ನಿಂತಿದೆ. ಮೊದಲು ಹಾಕಿದ್ದ ಅದೇ ಸಾದಾ ತಗಡು, ಲೋಹ ಬದಲಾಯಿಸಲೇ ಇಲ್ಲ.

ಇಲ್ಲಿಂದ ಗಟ್ಟಿತನದ ಪ್ರಶ್ನೆಗೆ ಬರುತ್ತೇನೆ. ಶುದ್ಧ ಲೋಹಗಳನ್ನು ಸಾಲಾಗಿ ಇಟ್ಟರೆ ಗಟ್ಟಿ ಲೋಹ ಕಮ್ಮಿ ಸವೆಯುತ್ತದೆ, ಅದು ಸರಿ. ಆದರೆ ಒಂದೇ ಸ್ಟೀಲನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿ ಮೂರು ಪಟ್ಟು ಗಟ್ಟಿ ಮಾಡಿದರೆ, ಮರಳೇಟಿನ ಸವೆತ ಅದೇ ಲೆಕ್ಕದಲ್ಲಿ ಕಮ್ಮಿಯಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ತುಂಬಾ ಕಡೆ, ತುಂಬಾ ಸಲ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ವ್ಯತ್ಯಾಸ ಅಲ್ಪ, ನೆಟ್ಟಗಿನ ಏಟಿಗೆ ಗಟ್ಟಿ ಮಾಡಿದ್ದೇ ಸ್ವಲ್ಪ ಜಾಸ್ತಿ ಸವೆದದ್ದೂ ಇದೆ. ಕಾರಣ ಯೋಚಿಸಿದರೆ ಹೊಳೆಯುತ್ತದೆ. ಕಾಳು ಬಡಿದ ಜಾಗದಲ್ಲಿ ಲೋಹ ತಟ್ಟಿಸಿಕೊಂಡು ತಾನಾಗಿಯೇ ಗಟ್ಟಿಯಾಗಿರುತ್ತದೆ, ನಾವು ಮೊದಲೇ ಗಟ್ಟಿ ಮಾಡಿ ಕೊಟ್ಟರೆ ಅದಕ್ಕೆ ಹೊಸದಾಗಿ ಏನೂ ಸಿಗುವುದಿಲ್ಲ, ಬದಲಿಗೆ ಹಿಗ್ಗಿ ತಡೆದುಕೊಳ್ಳುವ ಗುಣ ಹೋಗಿರುತ್ತದೆ. ಕತ್ತಿ, ಗುದ್ದಲಿ ಉಜ್ಜಿ ಸವೆಯುವ ಲೆಕ್ಕ ಬೇರೆ, ಅಲ್ಲಿ ಗಟ್ಟಿತನ ಖಂಡಿತ ಕೆಲಸ ಮಾಡುತ್ತದೆ. ಆ ಅನುಭವವನ್ನೇ ಪಂಪಿಗೂ ತಂದರೆ ದುಡ್ಡು ದಂಡ.

ಹಾಗಾದರೆ ನಿಜಕ್ಕೂ ಮರಳಿಗೆ ಎದುರು ನಿಲ್ಲುವ ಮಿಶ್ರಲೋಹ ಇಲ್ಲವಾ? ಇದೆ. ಹೈಕ್ರೋಮ್ ಬೀಡು ಅಂತ ಕರೆಯುತ್ತಾರೆ, 25 ಪರ್ಸೆಂಟ್ ಮೇಲೆ ಕ್ರೋಮಿಯಂ ಇರುತ್ತದೆ. ಅದರೊಳಗೆ ಕ್ರೋಮಿಯಂ ಕಾರ್ಬೈಡಿನ ಕಡ್ಡಿಗಳು ಹರಡಿರುತ್ತವೆ, ವಿಕರ್ಸ್ ಗಡಸುತನ 1,200ರ ಮೇಲೆ, ಅಂದರೆ ಬೆಣಚನ್ನೂ ಮೀರಿದ್ದು. ಸಣ್ಣ ಮರಳು ಓರೆಯಾಗಿ ಬಂದರೆ ಈ ಕಡ್ಡಿಗಳು ಕಲ್ಲು ಗೋಡೆಯಲ್ಲಿ ಎದ್ದು ನಿಂತ ಜಲ್ಲಿಯಂತೆ ಅಡ್ಡ ನಿಲ್ಲುತ್ತವೆ. ಗಣಿಗಳ ಕೆಸರು ಪಂಪಿಗೆ ಹಾಕುವುದು ಇದನ್ನೇ. ಆದರೆ ದಪ್ಪ ಕಾಳು ನೆಟ್ಟಗೆ ಬಡಿದರೆ ಅದೇ ಕಡ್ಡಿ ಬಿರುಕು ಬಿಡುತ್ತದೆ. ಇನ್ನೊಂದು ಕಷ್ಟ, ನಮ್ಮ ಮೇಸ್ತ್ರಿಯ ಲೇತಿನಲ್ಲಿ ಅದನ್ನು ಕಡೆಯಲು ಆಗುವುದಿಲ್ಲ. ಟೂಲ್ ಬಿಟ್ ಹಾರಿಹೋಗುತ್ತದೆ, ಗ್ರೈಂಡಿಂಗೇ ಮಾಡಬೇಕು. ನಮ್ಮ ಪಂಪಿನ ಅಳತೆಗೆ ಬೆಳಗಾವಿಯಲ್ಲೋ ಕೊಯಮತ್ತೂರಿನಲ್ಲೋ ಎರಕ ಹಾಕಿಸಬೇಕು. ಒಂದು ಇಂಪೆಲ್ಲರಿಗೆ ಅದು ತಾಳುವ ಮಾತಲ್ಲ.

ರಬ್ಬರ್ ಲೈನಿಂಗೂ ಇದೆ. ಸಣ್ಣ, ದುಂಡು ಮರಳು ನೆಟ್ಟಗೆ ಬಂದರೆ ರಬ್ಬರ್ ಒಳಕ್ಕೆ ಕುಗ್ಗಿ ಕಾಳನ್ನು ವಾಪಸ್ ತಳ್ಳುತ್ತದೆ, ಎಷ್ಟೋ ಲೋಹಗಳಿಗಿಂತ ಜಾಸ್ತಿ ಬಾಳುತ್ತದೆ. ಚೂಪು ಕಲ್ಲು, ಕಡ್ಡಿ ಬಂದರೆ ಹರಿದುಹೋಗುತ್ತದೆ. ನಮ್ಮ ತೋಡಿನಲ್ಲಿ ಎರಡಕ್ಕೂ ಬರ ಇಲ್ಲ.

ನಾನು ಕೊನೆಗೆ ಆರಿಸಿದ್ದು ಎರಕದ ಸ್ಟೇನ್‌ಲೆಸ್ ಸ್ಟೀಲ್. ಬೀಡಿನ ತೊಂದರೆ ಮರಳೊಂದೇ ಅಲ್ಲ, ತುಕ್ಕು ಕೂಡ. ತುಕ್ಕಿನ ಪದರವನ್ನು ಮರಳು ಕೆರೆಯುತ್ತದೆ, ಹೊಸ ಮೈ ಮತ್ತೆ ತುಕ್ಕು ಹಿಡಿಯುತ್ತದೆ, ಮತ್ತೆ ಕೆರೆತ. ಪಂಪ್ ನಿಂತಿರುವ ಹತ್ತು ತಿಂಗಳಲ್ಲೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಸ್ಟೇನ್‌ಲೆಸ್ ಆ ಕಾಟ ತಪ್ಪಿಸುತ್ತದೆ, ಬೇಕಾದಾಗ ಮೂತಿಗೆ ವೆಲ್ಡಿಂಗ್ ತುಂಬಬಹುದು. ಆದರೆ ಮರಳೊಂದಕ್ಕೇ ಲೆಕ್ಕ ಹಾಕಿದರೆ ಇದರಿಂದ ಭಾರಿ ಲಾಭ ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಲಾಭ ಇರುವುದು ಬೇರೆ ಎರಡು ಕಡೆ.

ಒಂದು, ವೇಗ. ಲೋಹಗಳ ಸವೆತ ವೇಗದ ಎರಡು, ಎರಡೂವರೆ ಘಾತದಷ್ಟು ಏರುತ್ತದೆ. ಎರಡೂವರೆ ಅಂತ ಹಿಡಿದರೆ, ವೇಗ 10 ಪರ್ಸೆಂಟ್ ಏರಿಸಿದರೆ ಸವೆತ ಸುಮಾರು 27 ಪರ್ಸೆಂಟ್ ಜಾಸ್ತಿ, ವೇಗ ದುಪ್ಪಟ್ಟಾದರೆ ಸವೆತ ಐದೂವರೆ ಪಟ್ಟಿಗೂ ಮೇಲೆ. ಈಗ ತೋಟದಲ್ಲಿ ಏನು ನಡೆಯುತ್ತದೆ ನೋಡಿ. ಇಂಪೆಲ್ಲರ್ ಸವೆದು ಒತ್ತಡ ಇಳಿಯುತ್ತದೆ. ಮೇಲಿನ ಸಾಲಿನ ಸ್ಪ್ರಿಂಕ್ಲರ್ ಜೆಟ್ ಸರಿಯಾಗಿ ಸುತ್ತುವುದಿಲ್ಲ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಫೋನ್ ಮಾಡುತ್ತಾರೆ, ಕೆಳಗೆ ಪಂಪ್ ಹತ್ತಿರ ಇದ್ದವರು ರೇಸ್ ಜಾಸ್ತಿ ಕೊಡುತ್ತಾರೆ. ಒತ್ತಡ ಬರುತ್ತದೆ, ಸವೆತ ಇನ್ನೂ ಏರುತ್ತದೆ, ಒಂದು ವಾರಕ್ಕೆ ಮತ್ತೆ ಒತ್ತಡ ಇಳಿಯುತ್ತದೆ, ಮತ್ತೆ ರೇಸ್. ನಮ್ಮಲ್ಲಿ ಮೂರು ವರ್ಷ ಇದೇ ನಡೆಯಿತು.

ನಾಝಲ್ಲುಗಳೂ ಇದಕ್ಕೆ ಸೇರಿಕೊಳ್ಳುತ್ತವೆ. ಹಿತ್ತಾಳೆ ನಾಝಲ್ಲಿನ ತೂತನ್ನು ಮರಳು ಒಳಗಿಂದ ಓರೆಯಾಗಿ ಸವರುತ್ತದೆ. 5 ಮಿಮೀ ತೂತು 5.5 ಆದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಆದರೆ ತೂತಿನ ವಿಸ್ತೀರ್ಣದ ಲೆಕ್ಕದಲ್ಲಿ 21 ಪರ್ಸೆಂಟ್ ಜಾಸ್ತಿ ನೀರಿಗೆ ದಾರಿ. ಹತ್ತಿಪ್ಪತ್ತು ಜೆಟ್ ಹೀಗಾದರೆ ಪಂಪಿಗೆ ಒತ್ತಡ ಎಲ್ಲಿಂದ ಬರಬೇಕು? ಪರೀಕ್ಷೆ ಸುಲಭ. ನಾಝಲ್ಲಿನ ಅಳತೆಯದ್ದೇ ಡ್ರಿಲ್ ಬಿಟ್ ತೆಗೆದುಕೊಂಡು ಅದರ ನುಣುಪಾದ ಹಿಂಬದಿಯನ್ನು ತೂತಿಗೆ ಹಾಕಿ. ಬಿಗಿಯಾಗಿ ಕೂತರೆ ಸರಿ. ಅಲ್ಲಾಡಿದರೆ ತೆಗೆದು ಹಾಕಿ. ಸೀಸನ್ ಶುರುವಿಗೆ ಅರ್ಧ ದಿನದ ಕೆಲಸ.

ಇಂಪೆಲ್ಲರ್ ಬದಲಾಯಿಸುವ ಜೊತೆಗೆ ಸುತ್ತನ್ನು 2,000ದಿಂದ 1,800ಕ್ಕೆ ಇಳಿಸಬೇಕು ಅಂತ ತೀರ್ಮಾನ ಮಾಡಿದೆ. ಸವೆತ ಸುಮಾರು ನಾಲ್ಕರಲ್ಲಿ ಒಂದು ಪಾಲು ಕಮ್ಮಿ. ಆದರೆ ಒತ್ತಡವೂ 19 ಪರ್ಸೆಂಟ್ ಇಳಿಯುತ್ತದೆ, ಅದನ್ನು ಬೇರೆ ಕಡೆಯಿಂದ ತುಂಬಬೇಕು. ಪಂಪಿನಿಂದ ಹೊರಡುವ ಮೊದಲ 200 ಮೀಟರ್ ಮೂರು ಇಂಚಿನ ಪೈಪ್ ಇತ್ತು. ಅದನ್ನು ನಾಲ್ಕು ಇಂಚು ಮಾಡಿಸಿದೆ. ಅಷ್ಟೇ ನೀರಿಗೆ ಪೈಪಿನೊಳಗಿನ ಉಜ್ಜಾಟದ ನಷ್ಟ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. 1,800 ಸುತ್ತಿನಲ್ಲೇ ಮೇಲಿನ ಸಾಲಿನ ಜೆಟ್ ಸರಿಯಾಗಿ ಸುತ್ತಿತು. ಡೀಸೆಲ್ ಉಳಿದದ್ದು ಬೇರೆ.

ಎರಡನೆಯದು ಮರಳೇ. ಪಂಪಿನೊಳಗೆ ಎಷ್ಟು ಮರಳು ಹೋಗುತ್ತಿದೆ ಅಂತ ಯಾರೂ ಅಳೆಯುವುದಿಲ್ಲ. ನಾನು ಜೆಟ್ಟಿನ ನೀರನ್ನು 20 ಲೀಟರ್ ಬಕೆಟ್ಟಿಗೆ ಹಿಡಿದು, ಒಂದು ರಾತ್ರಿ ಬಿಟ್ಟು, ತಳದಲ್ಲಿ ಕೂತದ್ದನ್ನು ಒಣಗಿಸಿ ತೂಗಿದೆ. 10 ಗ್ರಾಂ. ಅಂದರೆ ಲೀಟರಿಗೆ ಅರ್ಧ ಗ್ರಾಂ. ಬಕೆಟ್ಟಿನಲ್ಲಿ ನೋಡಿದರೆ ನೀರು ತಿಳಿಯಾಗೇ ಕಾಣುತ್ತದೆ. ನಮ್ಮ ಪಂಪ್ ಸೆಕೆಂಡಿಗೆ 15 ಲೀಟರ್ ಎತ್ತುತ್ತದೆ, ಎರಡು ಸುತ್ತು ನೀರು ಹಾಕುವಷ್ಟರಲ್ಲಿ 300 ಗಂಟೆ ಓಡುತ್ತದೆ. ಗುಣಾಕಾರ ಮಾಡಿದರೆ ಎಂಟು ಟನ್ ಮರಳು. ಮೂರು ಟ್ರ್ಯಾಕ್ಟರ್ ಲೋಡ್ ಹತ್ತಿರ ಹತ್ತಿರ ಮರಳು, ಒಂದೇ ಸೀಸನ್ನಿನಲ್ಲಿ, ಆ ಇಂಪೆಲ್ಲರಿನ ಮೂಲಕ! ಆ ವರ್ಷ ಗನ್‌ಮೆಟಲ್ ಇಂಪೆಲ್ಲರ್ ಹಾಕುವ ಮುಂಚೆ 9 ಕೆಜಿ 420 ಗ್ರಾಂ ಇತ್ತು, ಬಿಚ್ಚಿದಾಗ 8 ಕೆಜಿ 910. ನಾನು ತೂಗುವುದು ಕರಿಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ಲ್ಯಾಬಿನ ತಕ್ಕಡಿ ಬೇಡ, ಇಲ್ಲಿ ಹೋಗುವುದೇ ನೂರಾರು ಗ್ರಾಂ.

ಮರಳು ತಡೆಯುವ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟದ್ದು ಹಿಮಾಚಲದ ನಾಥ್ಪಾ ಝಾಕ್ರಿ. ಸಟ್ಲೆಜ್ ನದಿಯ ಮೇಲೆ 1,500 ಮೆಗಾವಾಟಿನ ಜಲವಿದ್ಯುತ್ ಕೇಂದ್ರ. ಆ ನದಿಯ ಹೂಳಿನಲ್ಲಿ ಬೆಣಚು ಜಾಸ್ತಿ. ಅಲ್ಲಿನ ಟರ್ಬೈನಿಗೆ ಹಾಕುವುದು 13 ಕ್ರೋಮಿಯಂ, 4 ನಿಕಲ್ ಇರುವ ಒಳ್ಳೆಯ ಸ್ಟೀಲ್. ಅದರ ಮೇಲೆ ಟಂಗ್‌ಸ್ಟನ್ ಕಾರ್ಬೈಡಿನ ಲೇಪನವನ್ನೂ ಕೊಡುತ್ತಾರೆ. ಇಷ್ಟಾದರೂ ಸವೆತ ನಿಂತಿಲ್ಲ, ಹೊಳೆಯಲ್ಲಿ ಹೂಳು ಮಿತಿ ಮೀರಿದರೆ ಕೇಂದ್ರವನ್ನೇ ನಿಲ್ಲಿಸುತ್ತಾರೆ. ನೀರು ಟರ್ಬೈನಿಗೆ ಹೋಗುವ ಮೊದಲು ನೆಲದಡಿ ಅರ್ಧ ಕಿಲೋಮೀಟರಿಗಿಂತ ಉದ್ದದ ನಾಲ್ಕು ಕೋಣೆಗಳಲ್ಲಿ ನಿಧಾನವಾಗಿ ಹರಿಯುತ್ತದೆ, 0.2 ಮಿಮೀಗಿಂತ ದಪ್ಪ ಕಾಳು ಅಲ್ಲಿ ತಳಕ್ಕಿಳಿಯಲಿ ಅಂತ. ಅಷ್ಟು ದುಬಾರಿ ಲೋಹ ಹಾಕಿದವರೇ ಮರಳನ್ನು ಕೂರಿಸಲು ಇಷ್ಟು ಕಷ್ಟಪಟ್ಟಿದ್ದಾರೆ.

0.2 ಮಿಮೀ ಬೆಣಚು ಕಾಳು ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 2 ಸೆಂಟಿಮೀಟರ್ ಇಳಿಯುತ್ತದೆ. 0.05 ಮಿಮೀ ಕಾಳು 2 ಮಿಲಿಮೀಟರ್ ಮಾತ್ರ. ಅದಕ್ಕಿಂತ ತುಂಬಾ ಸಣ್ಣದನ್ನು ಹಿಡಿಯಲು ಹೋಗಬೇಕಾಗಿಲ್ಲ, ಮೊದಲೇ ಹೇಳಿದಂತೆ ತೀರಾ ಸಣ್ಣ ಕಾಳು ನೀರಿನ ಜೊತೆ ತಿರುಗಿ ಹೋಗುತ್ತದೆ, ಬಡಿದರೂ ಅದರಲ್ಲಿ ದಮ್ಮಿಲ್ಲ. ತೋಡಿನ ಪಕ್ಕ 6 ಮೀಟರ್ ಉದ್ದ, 2 ಮೀಟರ್ ಅಗಲ, ಒಂದು ಮೀಟರ್ ನೀರು ನಿಲ್ಲುವ ಗುಂಡಿ ತೆಗೆಸಿ ಕಲ್ಲು ಕಟ್ಟಿಸಿದೆ. ಮೇಲ್ಗಡೆಯಿಂದ ಚಿಕ್ಕ ಕಾಲುವೆ. ನೀರು ಗುಂಡಿಗೆ ಬೀಳುವ ಕಡೆ ಅಡ್ಡ ಹಲಗೆ ಇಟ್ಟು, ಅದರ ಮೇಲೆ ತೆಳುವಾಗಿ ಹರಡಿ ಇಳಿಯುವಂತೆ ಮಾಡಿದೆವು. ಒಂದೇ ಕಡೆ ಧುಮುಕಿದರೆ ಕೂತ ಮರಳೂ ಎದ್ದು ಬರುತ್ತದೆ. ಇನ್ನೊಂದು ತುದಿಯಲ್ಲಿ ಫುಟ್‌ವಾಲ್ವನ್ನು ತಳದಿಂದ ಎರಡು ಅಡಿ ಮೇಲೆ ನೇತು ಹಾಕಿದೆವು. ಸೆಕೆಂಡಿಗೆ 15 ಲೀಟರಿನ ಲೆಕ್ಕದಲ್ಲಿ ನೀರು ಆ ಗುಂಡಿಯಲ್ಲಿ ಹದಿಮೂರು ನಿಮಿಷ ಇರುತ್ತದೆ. ವಾರಕ್ಕೊಮ್ಮೆ ತಳದ ಮರಳು ಎತ್ತಬೇಕು. ಮೊದಲ ವಾರ ಎತ್ತಿದ ಮರಳಿನ ರಾಶಿ ನೋಡಿ ಅಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಈ ಫೆಬ್ರವರಿಯಲ್ಲಿ ಮತ್ತೆ ಬಕೆಟ್ ಹಿಡಿದೆ. 20 ಲೀಟರಿಗೆ 2 ಗ್ರಾಂ, ಅದೂ ಹಿಟ್ಟಿನಂಥ ಹೂಳು. ಕಳೆದ ವಾರ ಪಂಪ್ ಬಿಚ್ಚಿ ಸ್ಟೇನ್‌ಲೆಸ್ ಇಂಪೆಲ್ಲರ್ ತೊಳೆದು ಒರೆಸಿ ತಕ್ಕಡಿಗಿಟ್ಟೆ. ಹಾಕುವಾಗ 8 ಕೆಜಿ 760 ಗ್ರಾಂ ಇದ್ದದ್ದು ಈಗ 8 ಕೆಜಿ 665. ಹೋದ ವರ್ಷ 510 ಗ್ರಾಂ ಹೋಗಿತ್ತು, ಈ ವರ್ಷ 95. ಅದನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಕುಶಾಲನಗರಕ್ಕೆ ಹೋಗಿ ಮೇಸ್ತ್ರಿಯ ಬೆಂಚಿನ ಮೇಲಿಟ್ಟೆ. ಅವರು ಮೊದಲು ಮುಟ್ಟದೆ ಬರೀ ನೋಡಿದರು, ಆಮೇಲೆ ಹುಷಾರಾಗಿ ಅಂಚಿನ ಮೇಲೆ ಬೆರಳಿಟ್ಟರು. ಅಂಚು ದಪ್ಪಗೆ ಹಾಗೇ ಇತ್ತು. ಕಣ್ಣಿನ ಹತ್ತಿರ ಎರಡು ರೆಕ್ಕೆಗಳ ಮೂತಿಯಲ್ಲಿ ಮಾತ್ರ ಸಣ್ಣ ಗುಳಿಗಳು.

'ಇಲ್ಲಿ ನೆಟ್ಟಗೆ ಬಡಿದಿದೆ ಅಲ್ವಾ ಅಕ್ಕಾ' ಅಂತ ಅವರೇ ತೋರಿಸಿದರು. ಆಮೇಲೆ ಬೆಂಚಿನ ಕೆಳಗಿಂದ ಬೇರೆ ಯಾರದ್ದೋ ತೋಟದ ಹಳೆ ಇಂಪೆಲ್ಲರ್ ಒಂದನ್ನು ತೆಗೆದು ಬೆಳಕಿಗೆ ಹಿಡಿದು, ಅದರ ಅಲೆ ಗೆರೆಗಳನ್ನು ನೋಡತೊಡಗಿದರು.